ಓಡುತ್ತಾ ಓಡುತ್ತಾ ಆಫ್ ಆಗುವ ಸೈಕಲ್ ಎಂಜಿನ್: ಕಳ್ಳನನ್ನು ಹಿಡಿಯುವುದು ಹೇಗೆ

ಎಂಜಿನ್ ಕೂರಿಸಿದ ಸೈಕಲ್ಲಿನಲ್ಲಿ ಎಂಜಿನ್ ಪೂರ್ತಿ ಕೆಟ್ಟರೆ ಅದೊಂದು ದೊಡ್ಡ ತಲೆನೋವಲ್ಲ. ಸ್ಟಾರ್ಟೇ ಆಗುವುದಿಲ್ಲ, ಕೂತು ನೋಡುತ್ತೀರಿ, ತೊಂದರೆ ಸಿಗುತ್ತದೆ. ತಲೆ ಕೆಡಿಸುವುದು ಇನ್ನೊಂದು ಜಾತಿ. ಹತ್ತು ನಿಮಿಷ ಚೆನ್ನಾಗಿ ಓಡಿ ಟಪ್ ಅಂತ ನಿಲ್ಲುತ್ತದೆ. ಐದು ನಿಮಿಷ ಬಿಟ್ಟು ಪೆಡಲ್ ತುಳಿದು ಕ್ಲಚ್ ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಓಡುತ್ತದೆ. ಮನೆಗೆ ತಂದು ಸ್ಟ್ಯಾಂಡ್ ಹಾಕಿ ನೋಡಿದರೆ ಅರ್ಧ ಗಂಟೆ ಒಂದೇ ಸಮ ಗುರ್ರ್ ಅನ್ನುತ್ತದೆ. ಡಾಕ್ಟರ ಮುಂದೆ ಕೂತ ತಕ್ಷಣ ಮಾಯವಾಗುವ ಹಲ್ಲುನೋವಿನ ಹಾಗೆ.

ಆಗ ಎಲ್ಲರೂ ಮಾಡುವ ಕೆಲಸ ಒಂದೇ. ಮೊದಲು ಕಿಡಿ ಹೊಡೆಯುವ ಪ್ಲಗ್ ಬದಲಾಯಿಸುವುದು, ಆಮೇಲೆ ಅದಕ್ಕೆ ಕರೆಂಟ್ ಕಳಿಸುವ ಸಿಡಿಐ ಡಬ್ಬಿ, ಆಮೇಲೆ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರ್. ನಾನೂ ಮಾಡಿದ್ದೇನೆ. ಮೂರೂ ಹೊಸದಾದ ಮೇಲೂ ಗಾಡಿ ಅದೇ ಥರ ನಿಂತಿತು. ಕೊನೆಗೆ ಸಿಕ್ಕ ತಪ್ಪು ಏನು ಅಂತ ಮುಂದೆ ಹೇಳುತ್ತೇನೆ. ಅದನ್ನು ಸರಿ ಮಾಡಲು ಬೇಕಾಗಿದ್ದದ್ದು ಎರಡು ಇಂಚು ಟೇಪ್ ಮಾತ್ರ.

ಇಲ್ಲಿ ಹೇಳುವುದೆಲ್ಲ ಸೈಕಲ್ ಫ್ರೇಮಿಗೆ ಕೂರಿಸುವ ಸಣ್ಣ ಟೂ-ಸ್ಟ್ರೋಕ್ ಕಿಟ್‌ಗಳ ಬಗ್ಗೆ. 48 ಸಿಸಿ, 66 ಸಿಸಿ ಎಂಜಿನ್‌ಗಳು. 80 ಸಿಸಿ ಅಂತ ಮಾರುವ ಎಷ್ಟೋ ಕಿಟ್‌ಗಳೂ ಒಳಗೆ 66 ಸಿಸಿಯೇ. ಬ್ಯಾಟರಿ ಇಲ್ಲ. ತಿರುಗುವ ಅಯಸ್ಕಾಂತದಿಂದ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋ ಕಾಯಿಲ್, ಸಿಡಿಐ ಡಬ್ಬಿ, ಪ್ಲಗ್, ಹ್ಯಾಂಡಲ್ ಮೇಲೆ ಎಂಜಿನ್ ನಿಲ್ಲಿಸಲು ಒಂದು ಕಿಲ್ ಸ್ವಿಚ್, ವೈರಿಂಗ್ ಅಂದರೆ ಅಷ್ಟೇ. ಪೆಟ್ರೋಲ್ ಮೇಲಿನ ಟ್ಯಾಂಕಿನಿಂದ ತನ್ನಷ್ಟಕ್ಕೆ ಇಳಿದು ಬರುತ್ತದೆ, ಪಂಪ್ ಇಲ್ಲ. ಇಷ್ಟು ಸರಳ ಯಂತ್ರದಲ್ಲಿ ತಪ್ಪು ಅಡಗಿಕೊಳ್ಳುವ ಜಾಗಗಳು ಕಡಿಮೆ. ಆದರೆ ಎಂಜಿನ್ ನಡುಗುವುದು ಜಾಸ್ತಿ. ಆ ನಡುಕಕ್ಕೆ ಏನು ಬೇಕಾದರೂ ಸಡಿಲವಾಗುತ್ತದೆ.

ಮೊದಲು ಸಾಯುವ ಸದ್ದು ಕಲಿಯಿರಿ

ಬಿಡಿಭಾಗ ಕೊಳ್ಳುವ ಮೊದಲು ಒಂದು ಪಾಠ ಮಾಡಿಕೊಳ್ಳಿ. ಸೈಕಲ್ಲನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗಲು ಬಿಡಿ. ಐಡಲ್‌ನಲ್ಲಿ ಓಡುತ್ತಿರುವಾಗ ಕಿಲ್ ಸ್ವಿಚ್ ಒತ್ತಿ. ಸದ್ದು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಹಿಂದೆ ಮುಂದೆ ಏನೂ ಇಲ್ಲ. ಇದು ಕಿಡಿ ಹೋದಾಗಿನ ಸಾವು.

ಮತ್ತೆ ಸ್ಟಾರ್ಟ್ ಮಾಡಿ. ಈ ಸಲ ಟ್ಯಾಂಕಿನ ಕೆಳಗಿನ ಕಾಕ್ ಮುಚ್ಚಿ, ಸುಮ್ನೆ ಕಾಯಿರಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಏಕೆಂದರೆ ಕಾರ್ಬೊರೇಟರಿನ ಬಟ್ಟಲಿನಲ್ಲಿ ಇನ್ನೂ ಪೆಟ್ರೋಲ್ ಇದೆ. ಆಮೇಲೆ ನೀವು ರೇಸ್ ಕೊಡದೆಯೇ ಎಂಜಿನ್ ವೇಗ ಸ್ವಲ್ಪ ಏರುತ್ತದೆ, ಸದ್ದು ತೆಳುವಾಗುತ್ತದೆ, ಒಂದೆರಡು ಸಲ ಮುಗ್ಗರಿಸಿ ನಿಲ್ಲುತ್ತದೆ. ಇದು ಪೆಟ್ರೋಲ್ ಸಾಲದಾದಾಗಿನ ಸಾವು. ಈ ಎರಡು ಸದ್ದು ಕಿವಿಯಲ್ಲಿ ಕೂತರೆ ಅರ್ಧ ಕೆಲಸ ಮುಗಿಯಿತು. ಮುಂದಿನ ಸಲ ರಸ್ತೆಯಲ್ಲಿ ಗಾಡಿ ನಿಂತಾಗ ಯಾವುದರ ಥರ ನಿಂತಿತು ಅಂತ ನಿಮಗೇ ಗೊತ್ತಾಗುತ್ತದೆ.

ನಿಂತ ಕೂಡಲೇ ಮಾಡಬೇಕಾದ್ದು ಇನ್ನೂ ಮುಖ್ಯ. ಎಂಜಿನ್ ಆರುವ ಮೊದಲಿನ ಎರಡು ನಿಮಿಷ ಬಂಗಾರ ಇದ್ದ ಹಾಗೆ. ಹೆಚ್ಚಿನವರು ಆ ಎರಡು ನಿಮಿಷ ಬೈಯುತ್ತಾ ಕಳೆಯುತ್ತಾರೆ. ಆರಿದ ಮೇಲೆ ತಪ್ಪು ಮಾಯ, ಆಮೇಲೆ ಏನು ಪರೀಕ್ಷೆ ಮಾಡಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಜೇಬಿನಲ್ಲಿ ಪ್ಲಗ್ ಪಾನಾ, ಒಂದು ಹೊಸ ಪ್ಲಗ್, ಒಂದು ಬಟ್ಟೆ ತುಂಡು ಇಟ್ಟುಕೊಂಡೇ ಹೊರಡಿ.

ನಿಂತ ತಕ್ಷಣ ರಸ್ತೆ ಬದಿಗೆ ಬಂದು, ಪ್ಲಗ್ ಕ್ಯಾಪ್ ತೆಗೆದು, ಅದನ್ನು ಹೊಸ ಪ್ಲಗ್ಗಿಗೆ ಸಿಕ್ಕಿಸಿ. ಆ ಪ್ಲಗ್ಗಿನ ಲೋಹದ ಮೈ ಎಂಜಿನ್ ತಲೆಯ ಬರೀ ಲೋಹಕ್ಕೆ ತಾಗುವ ಹಾಗೆ ಇಡಿ. ಸಿಲಿಂಡರಿನಲ್ಲಿರುವ ಹಳೆಯ ಪ್ಲಗ್ ಸದ್ಯಕ್ಕೆ ಅಲ್ಲೇ ಇರಲಿ. ಅದನ್ನು ಬಿಚ್ಚಿದರೆ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ, ಪಕ್ಕದಲ್ಲೇ ಕಿಡಿ ಇದ್ದರೆ ಬೇಡದ ಅನಾಹುತ. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲ ಅಂತ ನೋಡಿಕೊಂಡು, ಹಿಂದಿನ ಚಕ್ರ ಎತ್ತಿ, ಕ್ಲಚ್ ಬಿಟ್ಟು ಪೆಡಲ್ ತಿರುಗಿಸಿ. ತಂತಿಯನ್ನು ಕೈಯಲ್ಲಿ ಹಿಡಿಯಬೇಡಿ, ಜೋರಾಗಿ ಶಾಕ್ ಹೊಡೆಯುತ್ತದೆ. ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸದೆ ತಿರುಗಿಸುವುದೂ ಬೇಡ. ಕಿಡಿಗೆ ಹಾರಲು ದಾರಿ ಇಲ್ಲದಿದ್ದರೆ ಸಿಡಿಐ ಒಳಗೇ ಏಟು ತಿನ್ನಬಹುದು.

ನೀಲಿ ಬಣ್ಣದ, ಚಟ್ ಚಟ್ ಅನ್ನುವ ಕಿಡಿ ಬಂದರೆ ವೈರಿಂಗ್ ಕಡೆ ಸದ್ಯಕ್ಕೆ ಬಿಡಿ. ಕಿಡಿ ಇಲ್ಲವೇ ಇಲ್ಲ, ಅಥವಾ ಹಳದಿಯಾಗಿ ಒಮ್ಮೆ ಬಂದು ಒಮ್ಮೆ ಬಾರದೆ ಆಟ ಆಡಿಸುತ್ತಿದೆ ಅಂದರೆ ಕಳ್ಳ ಅಲ್ಲೇ ಇದ್ದಾನೆ.

ಇನ್ನೊಂದು ಪರೀಕ್ಷೆ ಓಡುತ್ತಿರುವಾಗಲೇ ಮಾಡಬಹುದು. ಎಂಜಿನ್ ಮಿಸ್ಸಿಂಗ್ ಹೊಡೆಯಲು ಶುರುವಾದ ಕೂಡಲೇ ಚೋಕ್, ಅಂದರೆ ಕಾರ್ಬೊರೇಟರಿಗೆ ಹೋಗುವ ಗಾಳಿ ಕಡಿಮೆ ಮಾಡುವ ಲಿವರ್, ಸ್ವಲ್ಪ ಹಾಕಿ. ಚೋಕ್ ಹಾಕಿದ ತಕ್ಷಣ ಎಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಗಾಳಿ ಜಾಸ್ತಿ ನುಗ್ಗುತ್ತಿದೆ. ಇನ್ನೂ ಹದಗೆಟ್ಟರೆ ಪೆಟ್ರೋಲ್ ಈಗಾಗಲೇ ಜಾಸ್ತಿ ಇದೆ. ಏನೂ ವ್ಯತ್ಯಾಸವೇ ಕಾಣದೆ ಟಪ್ ಅಂತ ನಿಂತರೆ ಕಿಡಿಯ ಕಡೆ ನೋಡಿ.

ಕಿಡಿ ಹೋಗುತ್ತಿದ್ದರೆ

ಮೊದಲ ಅನುಮಾನ ಕಿಲ್ ಸ್ವಿಚ್ ಮೇಲೆ. ಈ ಎಂಜಿನ್‌ಗಳಲ್ಲಿ ಸ್ವಿಚ್ ಕೆಲಸ ಮಾಡುವ ರೀತಿ ಮನೆಯ ಲೈಟಿನ ಸ್ವಿಚ್ಚಿಗೆ ಉಲ್ಟಾ. ಅದು ವೈರನ್ನು ಕಡಿಯುವುದಿಲ್ಲ, ಮ್ಯಾಗ್ನೆಟೋದಿಂದ ಬರುವ ಕರೆಂಟನ್ನು ಎಂಜಿನ್ ಮೈಗೆ ಶಾರ್ಟ್ ಮಾಡುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಎಷ್ಟೋ ವಿಚಿತ್ರಗಳು ಬಿಡಿಸಿಕೊಳ್ಳುತ್ತವೆ. ಅಂದರೆ ಸ್ವಿಚ್ಚಿನೊಳಗೆ ನೀರು ಹೋದರೂ, ವೈರಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಫ್ರೇಮಿಗೆ ತಾಗಿದರೂ, ಯಾರೋ ಸ್ವಿಚ್ ಒತ್ತಿದ ಹಾಗೆಯೇ ಎಂಜಿನ್ ನಿಲ್ಲುತ್ತದೆ. ಗುಂಡಿಯಲ್ಲಿ ಚಕ್ರ ಇಳಿದಾಗ ಮಾತ್ರ ನಿಲ್ಲುವುದು, ಹ್ಯಾಂಡಲ್ ಒಂದು ಕಡೆ ತಿರುಗಿಸಿದಾಗ ಮಾತ್ರ ನಿಲ್ಲುವುದು, ಎಲ್ಲ ಇದೇ ಕತೆ.

ಪರೀಕ್ಷೆ ಸುಲಭ. ಸ್ವಿಚ್ಚಿನ ವೈರುಗಳನ್ನು ಬಿಚ್ಚಿ, ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಒಂದೆರಡು ದಿನ ಸ್ವಿಚ್ ಇಲ್ಲದೆ ಓಡಿಸಿ. ನಿಲ್ಲಿಸಬೇಕಾದಾಗ ಚೋಕ್ ಪೂರ್ತಿ ಹಾಕಿದರೆ ಸಾಕು, ಇಲ್ಲವೇ ಬ್ರೇಕ್ ಹಿಡಿದು ಗಾಡಿ ನಿಂತ ಮೇಲೆ ಕ್ಲಚ್ ಮೆಲ್ಲಗೆ ಬಿಡಿ. ಮೊದಲು ಖಾಲಿ ಜಾಗದಲ್ಲಿ ಒಂದು ಸಲ ಅಭ್ಯಾಸ ಮಾಡಿಕೊಳ್ಳಿ, ದಟ್ಟಣೆಯಲ್ಲಿ ಈ ಪ್ರಯೋಗ ಬೇಡ. ತೊಂದರೆ ಹೋಯಿತಾ? ಸ್ವಿಚ್ ಅಥವಾ ಅದರ ವೈರೇ ಕಾರಣ.

ಹೋಗಲಿಲ್ಲ ಅಂದರೆ ವೈರುಗಳ ದಾರಿ ಹಿಡಿದು ಹೋಗಿ. ಸಾಮಾನ್ಯವಾಗಿ ಮ್ಯಾಗ್ನೆಟೋದಿಂದ ನೀಲಿ, ಕಪ್ಪು, ಬಿಳಿ ಮೂರು ವೈರ್ ಬರುತ್ತವೆ. ನೀಲಿ ಮತ್ತು ಕಪ್ಪು ಸಿಡಿಐಗೆ ಹೋಗುತ್ತವೆ. ಬಿಳಿಯದು ಲೈಟಿಗೆ ಅಂತ ಕೊಟ್ಟಿರುತ್ತಾರೆ, ಎಂಜಿನ್ ಓಡಲು ಅದು ಬೇಕಾಗಿಲ್ಲ. ಅದಕ್ಕೆ ಏನಾದರೂ ಜೋಡಿಸಿದ್ದರೆ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿಬಿಡಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಒಣಗಿದ ಮರದ ಕಡ್ಡಿಯಿಂದ ಒಂದೊಂದೇ ವೈರನ್ನು, ಒಂದೊಂದೇ ಜೋಡಣೆಯನ್ನು ಅಲುಗಾಡಿಸಿ. ಚೈನಿಗೆ ಬಟ್ಟೆ, ಕೈ ಸಿಗದ ಹಾಗೆ ನೋಡಿಕೊಳ್ಳಿ. ಎಲ್ಲಿ ಮುಟ್ಟಿದಾಗ ಸದ್ದು ತಡವರಿಸುತ್ತದೋ ಅಲ್ಲಿ ನಿಲ್ಲಿ.

ನನ್ನದು ಸಿಕ್ಕಿದ್ದು ಹೀಗೆಯೇ. ನೀಲಿ ವೈರನ್ನು ಫ್ರೇಮಿಗೆ ಕಟ್ಟಿದ್ದ ಪ್ಲಾಸ್ಟಿಕ್ ಟೈ ಕತ್ತರಿಸಿ, ವೈರನ್ನು ತಿರುಗಿಸಿ ನೋಡಿದೆ. ಫ್ರೇಮಿಗೆ ಅಂಟಿಕೊಂಡಿದ್ದ ಮಗ್ಗುಲಲ್ಲಿ ಸಾಸಿವೆ ಕಾಳಿನಷ್ಟು ತಾಮ್ರ ಮಿನುಗುತ್ತಿತ್ತು. ಅದರ ಎದುರಿಗೆ ಫ್ರೇಮಿನ ಬಣ್ಣವೂ ಅಷ್ಟೇ ಅಗಲಕ್ಕೆ ಕೆತ್ತಿಹೋಗಿತ್ತು. ಭದ್ರವಾಗಿರಲಿ ಅಂತ ನಾನೇ ಟೈಯನ್ನು ಬಿಗಿಯಾಗಿ ಎಳೆದಿದ್ದೆ. ಎಂಜಿನ್ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದಾಗ ತಾಮ್ರ ಮುಂದೆ ಬಂದು ತಾಗುತ್ತಿತ್ತು, ಆರಿದಾಗ ಹಿಂದೆ ಸರಿಯುತ್ತಿತ್ತು. ಮೂರು ಹೊಸ ಬಿಡಿಭಾಗ ಕೊಂಡಿದ್ದೆ, ಅಲ್ವಾ? ಅವು ಯಾವುವೂ ಬೇಕಾಗಿರಲಿಲ್ಲ.

ವೈರ್ ಸವೆಯುವ ಇನ್ನೊಂದು ಮಾಮೂಲಿ ಜಾಗ ಎಂಜಿನ್ ಮುಚ್ಚಳದಿಂದ ವೈರುಗಳು ಹೊರಗೆ ಬರುವ ತೂತು. ಅಲ್ಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಲೋಹದ ಅಂಚು ವೈರನ್ನು ಗರಗಸದ ಹಾಗೆ ಕೊಯ್ಯುತ್ತದೆ. ಕಿಟ್ ಜೊತೆ ಬರುವ ಒತ್ತಿ ಸಿಕ್ಕಿಸುವ ಜೋಡಣೆಗಳನ್ನೂ ನಾನು ನಂಬುವುದಿಲ್ಲ. ಎಳೆದರೆ ಸಾಕು, ಜಾರಿ ಬರುತ್ತವೆ. ಅವನ್ನು ಕತ್ತರಿಸಿ, ಸೋಲ್ಡರ್ ಹಾಕಿ, ಮೇಲೆ ಶ್ರಿಂಕ್ ಟ್ಯೂಬ್ ಏರಿಸಿಬಿಡಿ. ಅರ್ಧ ಗಂಟೆಯ ಕೆಲಸ.

ಪ್ಲಗ್ ಕ್ಯಾಪ್ ಕೂಡ ಒಂದು ಗುಪ್ತ ಕಳ್ಳ. ಅದು ದಪ್ಪ ತಂತಿಯ ತುದಿಗೆ ಸ್ಕ್ರೂ ಥರ ತಿರುಗಿಸಿ ಕೂರುವ ವಸ್ತು. ಒಳಗಿನ ಮೊಳೆ ತಂತಿಯ ಎಳೆಗಳ ಮಧ್ಯಕ್ಕೆ ಹೋಗದೆ ಪಕ್ಕಕ್ಕೆ ಹೋಗಿದ್ದರೆ ಒಮ್ಮೆ ತಾಗುತ್ತದೆ, ಒಮ್ಮೆ ಇಲ್ಲ. ಕ್ಯಾಪ್ ತಿರುಗಿಸಿ ತೆಗೆಯಿರಿ, ತಂತಿಯ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಹೊಸ ತಾಮ್ರಕ್ಕೆ ಮತ್ತೆ ತಿರುಗಿಸಿ ಹಾಕಿ. ಮಳೆಯಲ್ಲಿ ಮಾತ್ರ ನಿಲ್ಲುವ ಗಾಡಿಯಾದರೆ ಕತ್ತಲೆಯಲ್ಲಿ ಸ್ಟಾರ್ಟ್ ಮಾಡಿ ಕ್ಯಾಪಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ಬಿರುಕಿದ್ದರೆ ಕಿಡಿ ಹೊರಗೇ ಹಾರುವುದು ಕಣ್ಣಿಗೆ ಕಾಣುತ್ತದೆ.

ಪ್ಲಗ್ಗಿನ ಸಂದು 0.6ರಿಂದ 0.7 ಮಿಲಿಮೀಟರ್ ಇದ್ದರೆ ಸಾಕು. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸಿದ್ದರೆ ಕೂದಲೆಳೆಯಂಥ ಮಸಿ ಆ ಸಂದಿಗೆ ಸೇತುವೆ ಕಟ್ಟುತ್ತದೆ, ಎಂಜಿನ್ ಟಪ್ ಅಂತ ನಿಲ್ಲುತ್ತದೆ, ಬಿಚ್ಚುವಾಗ ಆ ಮಸಿ ಉದುರಿಹೋಗಿ ಏನೂ ಕಾಣುವುದಿಲ್ಲ. ಪ್ಲಗ್ ತುದಿ ಒದ್ದೆಯಾಗಿ ಕಪ್ಪಗಿದ್ದರೆ ಇದನ್ನು ಅನುಮಾನಿಸಿ. ಕಾಫಿ ಬಣ್ಣಕ್ಕಿದ್ದರೆ ಒಳ್ಳೆಯದು. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕೂಡಲೇ ಆ ಕಡೆ ಗಮನ ಕೊಡಿ.

ಇನ್ನು ಮ್ಯಾಗ್ನೆಟೋ ಕಾಯಿಲ್. ಬಿಸಿಯಾದಾಗ ಸತ್ತು, ಆರಿದಾಗ ಬದುಕುವುದು ಇದರ ಹಳೆಯ ಚಾಳಿ. ಒಳಗಿನ ಕೂದಲಿನಂಥ ತಂತಿ ಎಲ್ಲೋ ಒಂದು ಕಡೆ ತುಂಡಾಗಿರುತ್ತದೆ, ತಣ್ಣಗಿರುವಾಗ ತುದಿಗಳು ತಾಗಿಕೊಂಡಿರುತ್ತವೆ, ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತವೆ. ಸಿಡಿಐ ಬಿಚ್ಚಿ, ನೀಲಿ ಮತ್ತು ಕಪ್ಪು ವೈರಿನ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಈ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 300ರಿಂದ 400 ಓಮ್ ತೋರಿಸುತ್ತದೆ. ತಣ್ಣಗಿರುವಾಗ ಒಮ್ಮೆ ಅಳೆದು ಬರೆದಿಡಿ. ಎಂಜಿನ್ ನಿಂತ ಕೂಡಲೇ, ಬಿಸಿ ಇರುವಾಗಲೇ ಇನ್ನೊಮ್ಮೆ ಅಳೆಯಿರಿ. ಬಿಸಿಗೆ ತಾಮ್ರದ ತಡೆ ಸ್ವಲ್ಪ ಏರುವುದು ಸಹಜ. ತಣ್ಣಗೆ 350 ಇದ್ದದ್ದು 60 ಡಿಗ್ರಿ ಜಾಸ್ತಿ ಬಿಸಿಯಾದಾಗ 430ರ ಹತ್ತಿರ ಹೋದರೆ ಗಾಬರಿ ಬೇಡ. ಆದರೆ ಸಾವಿರ ದಾಟಿದರೆ, ಮೀಟರ್ ಏನನ್ನೂ ತೋರಿಸದಿದ್ದರೆ, ಅಥವಾ ಅಂಕಿ ಒಂದು ಕಡೆ ನಿಲ್ಲದೆ ಕುಣಿಯುತ್ತಿದ್ದರೆ ಕಾಯಿಲ್ ಬದಲಾಯಿಸಿ. ಮುಚ್ಚಳ ಬಿಚ್ಚಿದಾಗ ಕಾಯಿಲಿನ ಸ್ಕ್ರೂಗಳು ಬಿಗಿಯಾಗಿವೆಯಾ, ತಿರುಗುವ ಅಯಸ್ಕಾಂತ ಎಲ್ಲಾದರೂ ಉಜ್ಜಿದ ಗುರುತಿದೆಯಾ ಅಂತಲೂ ನೋಡಿ.

ಸಿಡಿಐ ಡಬ್ಬಿಯನ್ನು ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ, ಒಳಗೆಲ್ಲ ಅಂಟು ಸುರಿದಿರುತ್ತಾರೆ. ಬೇರೆಲ್ಲ ಸರಿಯಿದ್ದು ಕಿಡಿ ಮಾತ್ರ ಇಲ್ಲವೆಂದರೆ ಆಗ ಬದಲಾಯಿಸಿ ನೋಡಿ. ಅದನ್ನು ಎಂಜಿನ್ ತಲೆಯ ಬಿಸಿ ತಾಗದ ಕಡೆ, ಕೆಳಗೊಂದು ರಬ್ಬರ್ ತುಂಡು ಇಟ್ಟು ಕಟ್ಟಿ.

ಪೆಟ್ರೋಲ್ ಕಡೆ

ಇಲ್ಲಿ ಮೊದಲು ನೋಡಬೇಕಾದ್ದು ಟ್ಯಾಂಕಿನ ಮುಚ್ಚಳ. ನಗಬೇಡಿ. ಮುಚ್ಚಳದಲ್ಲಿ ಒಂದು ಸಣ್ಣ ಗಾಳಿ ತೂತು ಇರುತ್ತದೆ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗಬೇಕು. ತೂತು ಧೂಳಿನಿಂದ ಮುಚ್ಚಿದರೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿದು ಪೆಟ್ರೋಲ್ ಬರುವುದು ನಿಲ್ಲುತ್ತದೆ. ಕೆಲವು ನಿಮಿಷ ಓಡಿ ನಿಲ್ಲುವುದು, ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುವುದು, ಕಾಯಿಲ್ ಕೆಟ್ಟಾಗಿನ ಲಕ್ಷಣವೂ ಇದೇ ಅಲ್ವಾ, ಅದಕ್ಕೇ ಜನ ಮೋಸ ಹೋಗುತ್ತಾರೆ. ಗಾಡಿ ನಿಂತ ಕೂಡಲೇ ಬಗ್ಗಿ ಕಿವಿ ಕೊಟ್ಟು ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ. ಸುಯ್ ಅಂತ ಗಾಳಿ ಎಳೆದುಕೊಂಡ ಸದ್ದು ಬಂದರೆ ಪತ್ತೆ ಮುಗಿಯಿತು. ಸೂಜಿಯಿಂದ ತೂತು ಬಿಡಿಸಿ. ಮುಚ್ಚಳ ತೆಗೆದೇ ಓಡಿಸಿ ಪರೀಕ್ಷೆ ಮಾಡುವ ಸಾಹಸ ಮಾತ್ರ ಬೇಡ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತುಳುಕಿದರೆ ಬೆಂಕಿಯೇ.

ಆಮೇಲೆ ಪೆಟ್ರೋಲ್ ಎಷ್ಟು ಇಳಿಯುತ್ತಿದೆ ನೋಡಿ. ಎಂಜಿನ್ ಆರಿದ ಮೇಲೆ, ಬಯಲಲ್ಲಿ, ಕಾರ್ಬೊರೇಟರ್ ಹತ್ತಿರ ಪೈಪ್ ಬಿಚ್ಚಿ, ಬಾಟಲಿಗೆ ಹಿಡಿದು, ಮುಚ್ಚಳ ಹಾಕಿದ್ದ ಹಾಗೆಯೇ ಕಾಕ್ ತೆರೆಯಿರಿ. ಲೀಟರಿಗೆ 40 ಕಿಲೋಮೀಟರ್ ಕೊಡುವ ಗಾಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಿದರೆ ಅದಕ್ಕೆ ನಿಮಿಷಕ್ಕೆ ಬೇಕಾಗುವುದು 12–13 ಮಿಲಿ ಮಾತ್ರ. ಹಾಗಾಗಿ ಧಾರೆ ಜೋರಾಗಿದೆಯಾ ಅನ್ನುವುದಕ್ಕಿಂತ ಅದು ಕಡಿಯದೆ ಬರುತ್ತದೆಯಾ ಅನ್ನುವುದು ಮುಖ್ಯ. ಶುರುವಿನಲ್ಲಿ ಚೆನ್ನಾಗಿ ಬಂದು ಮೂರು ನಿಮಿಷದ ಹೊತ್ತಿಗೆ ಹನಿಗಟ್ಟಿದರೆ ಮುಚ್ಚಳದ ತೂತು, ಕಾಕಿನ ಜಾಲರಿ, ಇಲ್ಲವೇ ಮಧ್ಯದ ಫಿಲ್ಟರ್. ಹೊಸ ಟ್ಯಾಂಕ್‌ಗಳ ಒಳಗೆ ಬಣ್ಣದ ಚಕ್ಕೆ, ತುಕ್ಕಿನ ಪುಡಿ ಇರುವುದು ಮಾಮೂಲಿ. ಓಡುವಾಗ ಜಾಲರಿಗೆ ಅಂಟಿಕೊಳ್ಳುತ್ತವೆ, ನಿಂತಾಗ ಉದುರಿ ಕೆಳಗೆ ಕೂರುತ್ತವೆ. ಪೈಪ್ ಎಂಜಿನ್ ತಲೆಗೆ ತಾಗಿಕೊಂಡು ಹೋಗಿದ್ದರೂ ದಾರಿ ಬದಲಿಸಿ. ಬಿಸಿಗೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ.

ಕಾರ್ಬೊರೇಟರ್ ಬಟ್ಟಲು ಬಿಚ್ಚಿದಾಗ ತಕ್ಷಣ ಚೆಲ್ಲಬೇಡಿ. ತಿಳಿ ಬಣ್ಣದ ತಟ್ಟೆಗೆ ಸುರಿದು ನೋಡಿ. ತಳದಲ್ಲಿ ಗಾಜಿನ ಮಣಿಗಳಂತೆ ಉರುಳುವ ಹನಿಗಳಿದ್ದರೆ ಅದು ನೀರು. ಒಂದು ಹನಿ ಜೆಟ್ಟಿನ, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ, ಬಾಯಿಗೆ ಬಂದು ಕೂತರೆ ಎಂಜಿನ್ ಕೆಮ್ಮುತ್ತದೆ, ಸರಿದರೆ ಮತ್ತೆ ಓಡುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಂತಿದ್ದ ಗಾಡಿಯ ಹಳೆಯ ಪೆಟ್ರೋಲ್ ಪೂರ್ತಿ ತೆಗೆದುಬಿಡಿ. ಮೇನ್ ಜೆಟ್ ಬಿಗಿಯಾಗಿದೆಯಾ ಅಂತ ತಿರುಗಿಸಿ ನೋಡಿ, ನಡುಕಕ್ಕೆ ಬಿಚ್ಚಿಕೊಂಡು ಬಟ್ಟಲಿಗೇ ಬಿದ್ದಿರುವುದುಂಟು. ಬಟ್ಟಲಿನಲ್ಲಿ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಅಲುಗಿಸಿದರೆ ಸಲೀಸಾಗಿ ಮೇಲೆ ಕೆಳಗೆ ಆಡಬೇಕು. ಜೆಟ್ಟಿನ ತೂತಿಗೆ ಸೂಜಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಗಾಳಿ ಊದಿದರೆ ಸಾಕು.

ಗಾಳಿ ಸೋರಿಕೆಗೆ ಸೋಪಿನ ನೀರು. ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬೊರೇಟರ್ ಮತ್ತು ಎಂಜಿನ್ ಸೇರುವ ಜಾಗಗಳಿಗೆ ಸ್ವಲ್ಪ ಚಿಮುಕಿಸಿ. ನೀರು ಒಳಗೆ ಎಳೆದುಕೊಂಡು ಎಂಜಿನ್ ಸದ್ದು ಬದಲಾದರೆ ಅಲ್ಲಿ ಪ್ಯಾಕಿಂಗ್ ಹೋಗಿದೆ ಅಥವಾ ಕ್ಲಾಂಪ್ ಸಡಿಲವಾಗಿದೆ. ಬಿಸಿ ಎಂಜಿನ್ ಮೇಲೆ ಕಾರ್ಬೊರೇಟರ್ ಕ್ಲೀನರ್ ಹೊಡೆದು ಪರೀಕ್ಷೆ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ.

ಒಂದು ಸಾವು ಮಾತ್ರ ಬೇರೆ

ಎಂಜಿನ್ ಭಾರವಾಗಿ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಗಿ, ಕೀಚಲು ಸದ್ದು ಮಾಡಿ ನಿಂತು, ಕ್ಲಚ್ ಬಿಟ್ಟರೆ ಹಿಂದಿನ ಚಕ್ರವೇ ಜಗ್ಗದಿದ್ದರೆ ಅದು ಕಿಡಿಯೂ ಅಲ್ಲ, ಪೆಟ್ರೋಲ್ ದಾರಿಯೂ ಅಲ್ಲ. ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಂಡಿದೆ, ಸೀಜ್ ಅನ್ನುತ್ತಾರಲ್ಲ, ಅದರ ಮೊದಲ ಎಚ್ಚರಿಕೆ. ಆರಿದ ಮೇಲೆ ಬಿಟ್ಟುಕೊಂಡು ಮತ್ತೆ ಸ್ಟಾರ್ಟ್ ಆಗುತ್ತದೆ ಅನ್ನುವುದೇ ಇದರ ಅಪಾಯ. ಹಾಗೇ ಓಡಿಸಬೇಡಿ, ತಳ್ಳಿಕೊಂಡು ಬನ್ನಿ. ಆಯಿಲ್ ಬೆರೆಸುವುದು ಮರೆತಿದ್ದೀರಾ ನೋಡಿ. ಪೆಟ್ರೋಲ್ 20 ಪಾಲಿಗೆ ಆಯಿಲ್ 1 ಪಾಲು ಅಂದರೆ ಲೀಟರಿಗೆ 50 ಮಿಲಿ, 32ಕ್ಕೆ 1 ಅಂದರೆ ಸುಮಾರು 31 ಮಿಲಿ. ನಿಮ್ಮ ಎಂಜಿನ್ನಿಗೆ ಹೇಳಿದ್ದನ್ನೇ ಹಾಕಿ, ಅಂದಾಜಿನಲ್ಲಿ ಸುರಿಯಬೇಡಿ. ಆಯಿಲ್ ಸರಿಯಿದ್ದರೆ ಗಾಳಿ ಸೋರಿಕೆ ಹುಡುಕಿ. ಸಿಲಿಂಡರಿನ ತಲೆಯ ನಟ್ಟುಗಳೂ ಬಿಗಿಯಾಗಿರಲಿ. ಎಂಜಿನ್ ತಣ್ಣಗಿರುವಾಗ, ಎದುರು ಬದುರು, ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ ಅಂತ ಬರೆದಿಡಿ. ಪ್ಲಗ್ಗನ್ನೂ ಬದಲಿಸಿ ಅದೇ ದಿನ ಕಾರ್ಬೊರೇಟರನ್ನೂ ತೊಳೆದರೆ, ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಸರಿಹೋಯಿತು ಅನ್ನಿಸಿದ ಮೇಲೆ ಸ್ಟ್ಯಾಂಡ್ ಮೇಲೆ ಓಡಿಸಿ ತೃಪ್ತಿಪಡಬೇಡಿ. ಮೊದಲು ಎಲ್ಲಿ ಕೈಕೊಡುತ್ತಿತ್ತೋ ಅದೇ ರಸ್ತೆ, ಅಷ್ಟೇ ದೂರ, ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್ ಇಟ್ಟುಕೊಂಡು ಹೋಗಿ. ಪೂರ್ತಿ ಬಿಸಿಯಾಗಿ, ಪೂರ್ತಿ ಆರಿ, ಮತ್ತೆ ಬಿಸಿಯಾಗಬೇಕು. ಹೀಗೆ ಮೂರು ಸಲ ನಿಲ್ಲದೆ ಬಂದರೆ ಪ್ಲಗ್ ಪಾನಾವನ್ನು ಜೇಬಿನಿಂದ ತೆಗೆದು ಸೀಟಿನ ಕೆಳಗಿನ ಚೀಲಕ್ಕೆ ಹಾಕಿ.